ಬೆಟಗೇರಿಯ ಜರ್ಮನ್ ದವಾಖಾನೆ

ಹಮ್ಮಿಗಿಯು ತುಂಗಭದ್ರೆಯ ಎಡದಂಡೆಯ ಗ್ರಾಮವು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಅಲ್ಲಿ ಆದಂದಿನಿಂದ ಅದರ ಹೆಸರು ದೂರದವರಿಗೂ ತಿಳಿದಿದೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಸೀಮೆಯ ಸ್ಥಿತಿಯು ವಿಚಿತ್ರವಾಗಿತ್ತು. ಹೊಳೆಯಾಚೆಯ ಹೂವಿನಹಡಗಲಿಯು ಮದರಾಸ ಇಲಾಖೆಗೆ ಸೇರಿತ್ತು, ಮೂಡಲ ಕೊಪ್ಪಳವು ನಿಜಾಮರದು, ಪಡುವಲ ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರವು ಮಿರಜದವರದು, ಗದಗ-ಬೆಟಗೇರಿಯು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯದು. ಹೀಗೆ ಒಂದೆರಡು ದಿನದ ಗಾಡಿಯ ಹಾದಿಯೊಳಗೆ ಐದು ಸರಕಾರಗಳು ಇದ್ದವು. ಜನರ ನುಡಿಯು ಮಾತ್ರ ಒಂದೇ, ಬೇನೆಗಳೂ ಅವೇ. ಈ ಐದೂ ಸೀಮೆಗಳ ನಡುವೆ ಬೆಟಗೇರಿಯಲ್ಲಿ ಒಂದು ದವಾಖಾನೆಯು ಹುಟ್ಟಿತೆಂಬ ಸಂಗತಿಯನ್ನು ನಮ್ಮ ಇತಿಹಾಸಕಾರರು ಅಷ್ಟಾಗಿ ಲಕ್ಷಿಸಿದಂತೆ ತೋರುವದಿಲ್ಲ. ಶಾಸನಗಳ ಮೇಲಿನ ಮಮತೆಯು ದವಾಖಾನೆಯ ಗೋಡೆಗಳ ಮೇಲೆ ಎಲ್ಲಿಂದ ಬರಬೇಕು!

ಹಾಗೆಂದು ಔಷಧದಾನವು ಈ ನೆಲಕ್ಕೆ ಹೊಸತೆಂದು ತಿಳಿಯತಕ್ಕದ್ದಲ್ಲ. ಗದಗಿಗೆ ಸಮೀಪವಾದ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯು ದಾನಚಿಂತಾಮಣಿಯೆನಿಸಿದಳು. ಅವಳ ಮತದಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮದ್ದೂ ಒಂದು. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತ 1162ರ ಶಾಸನವು ಅಲ್ಲಿ ದೀನರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿದ್ದುದನ್ನು ಹೇಳುತ್ತದೆ. ಕನ್ನಡದಲ್ಲಿ ವಿಷವೈದ್ಯಕ್ಕೆ ಮಂಗರಾಜನ ಖಗೇಂದ್ರಮಣಿದರ್ಪಣವುಂಟು. ಮುಂಡರಗಿಯ ಪಡುವಲಿಗೆ ಹಬ್ಬಿರುವ ಕಪ್ಪತಗುಡ್ಡವಂತೂ ಮೂಲಿಕೆಗಳ ಉಗ್ರಾಣವೇ ಸರಿ. ಆದುದರಿಂದ ಮದ್ದಿಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಶಸ್ತ್ರಕ್ಕೆ. ಸುಶ್ರುತನ ಶಸ್ತ್ರವಿಧಿಗಳು ಪಾಠಶಾಲೆಗಳಲ್ಲಿ ಬಾಯಿಪಾಠವಾಗಿ ಉಳಿದು, ಕೈಯಿಂದ ಜಾರಿಹೋಗಿ ಎಷ್ಟೋ ಶತಮಾನಗಳಾಗಿದ್ದವು. ಹೊಟ್ಟೆಯಲ್ಲಿ ಮಗು ಅಡ್ಡವಾದ ಬಸುರಿಗೆ ಬಾಯಿಪಾಠದಿಂದ ಏನೂ ಆಗುವದಿಲ್ಲ.

ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ ಸಂಘದವರು 1834ರ ಅಕ್ಟೋಬರದಲ್ಲಿ ಮಂಗಳೂರಿಗೆ ಬಂದಿಳಿದರು. ಅಲ್ಲಿಂದ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಬಡಗಲಿಗೆ ಸಾಗಿದರು. ಮತಪ್ರಚಾರವೇ ಅವರ ಮುಖ್ಯೋದ್ದೇಶವಾಗಿದ್ದಿತೆಂಬದನ್ನು ಮುಚ್ಚುವ ಕಾರಣವಿಲ್ಲ, ಅವರೂ ಮುಚ್ಚಲಿಲ್ಲ. ವೈದ್ಯದ ಕೆಲಸಕ್ಕೆ ಅವರು ಬಹಳ ತಡವಾಗಿ ಕೈಹಾಕಿದರು. ಡಾಕ್ಟರ್ ಲೀಬೆಂಡರ್ಫರರು 1886ರಲ್ಲಿ ಬಂದು ಕಲ್ಲಿಕೋಟೆಯಲ್ಲಿ ಮೊದಲುಮಾಡಿದ ಮೇಲೆ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬೆಟಗೇರಿಗೆ ಆ ಭಾಗ್ಯವು ಬಂದಿತು. ಉಡುಪಿಯ ದವಾಖಾನೆಯನ್ನು ಡಾಕ್ಟರ್ ಈವಾ ಲೊಂಬಾರ್ಡರು ತೆರೆದದ್ದು 1923ರಲ್ಲಿ.

ಮಂಗಳೂರಿನಲ್ಲಿ ಕುಳಿತವರಿಗೆ ಬೆಟಗೇರಿಯು ಬಡಗಲ ದೂರದ ಊರು. ಮಂಗಳೂರಿಗೆ 1907ರವರೆಗೆ ರೈಲೇ ಇರಲಿಲ್ಲ. ಆಗಬೋಟಿಯಲ್ಲಿ ಮುರಗಾವಿಗೆ ಹೋಗಿ, ಅಲ್ಲಿಂದ ಘಟ್ಟವೇರುವ ಗಾಡಿಯಲ್ಲಿ ಲೋಂಡಾ, ಧಾರವಾಡ, ಹುಬ್ಬಳ್ಳಿಗಳನ್ನು ದಾಟಿ ಗದಗಕ್ಕೆ ಇಳಿಯುವದು ಒಂದು ಹಾದಿ; ಮಳೆಗಾಲದಲ್ಲಿ ಆಗಬೋಟಿಯೂ ನಿಲ್ಲುವದು. ಕರಾವಳಿಯಿಂದ ಬಂದ ಕೆಲಸಗಾರನಿಗೆ ಅನ್ನದ ಬದಲು ಜೋಳದ ರೊಟ್ಟಿ, ಹಸುರಿನ ಬದಲು ಎರೆಯ ಹೊಲ, ಬಾವಿಯ ಸಿಹಿನೀರಿನ ಬದಲು ಸವಳುನೀರು. ಮನೆಯಲ್ಲಿ ತುಳು ಆಡಿದವನು ಇಲ್ಲಿಯ ರೋಗಿಯು ಹೇಳುವ ಬೇನೆಯ ಹೆಸರುಗಳನ್ನು ಹೊಸದಾಗಿ ಕಲಿಯಬೇಕು. ಕನ್ನಡವು ಒಂದೇ ಎಂದು ಸಭೆಗಳಲ್ಲಿ ಸಾರುವವರು ಇಂಥವನನ್ನು ಒಮ್ಮೆ ಕೇಳಬೇಕಾಗಿತ್ತು!

ಆ ದಶಕದ ಹಿಂದೆಯೇ ಪ್ಲೇಗು ಬಂದಿತ್ತು. ಅದು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ರೈಲಿನ ಹಾದಿಯನ್ನೇ ಹಿಡಿದು ಧಾರವಾಡ ಜಿಲ್ಲೆಯನ್ನು ಹೊಕ್ಕಿತು. ಗದಗವಾದರೋ ಹೋಟಗಿ, ಬಳ್ಳಾರಿ, ಹುಬ್ಬಳ್ಳಿಯ ಹಾದಿಗಳು ಕೂಡುವ ಜಂಕ್ಷನ್, ಹತ್ತಿಯ ಪೇಟೆ. ಅರಳೆಯ ಅಂಡಿಗೆಗಳ ಜೊತೆಗೆ ಇಲಿಯೂ ಚಿಗಟವೂ ಪ್ರಯಾಣ ಮಾಡಿದವು. ಹುಬ್ಬಳ್ಳಿಯಲ್ಲಿ 1898ರಲ್ಲಿ ಹಾಫ್‌ಕಿನ್ ಪಂಡಿತನ ಚುಚ್ಚುಮದ್ದನ್ನು ಹತ್ತಾರು ಸಾವಿರ ಜನರಿಗೆ ಹಾಕಿದರು. ಜನರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅದು ಅಜ್ಞಾನವಲ್ಲ, ಇಲಿಯಿಂದ ದೂರವಾಗುವದೇ ಆಗಿನ ಉತ್ತಮ ಚಿಕಿತ್ಸೆಯಾಗಿತ್ತು. ಆದರೆ ಸರಕಾರದವರು ಮನೆ ಹೊಕ್ಕು ರೋಗಿಯನ್ನು ಹಿಡಿದೊಯ್ದು, ಹೆಂಗಸರ ಮೈಮುಟ್ಟಿ ಗಡ್ಡೆ ನೋಡಿದ ರೀತಿಯಿಂದ ದವಾಖಾನೆಯೆಂಬ ಶಬ್ದಕ್ಕೇ ಭಯವು ಅಂಟಿಕೊಂಡಿತು. ಅಲ್ಲಿಗೆ ಹೋದವರು ಹೆಣವಾಗಿಯೇ ಬರುವರೆಂಬ ನಂಬಿಕೆಯು ಬೇರೂರಿತು. ಬೆಟಗೇರಿಯ ಕೆಲಸಗಾರರು ಗೆಲ್ಲಬೇಕಾಗಿದ್ದುದು ಮೊದಲು ಈ ಭಯವನ್ನು.

ಮುಂಡರಗಿಯಿಂದ ಡಂಬಳದ ಮೇಲೆ ಗದಗಕ್ಕೆ ಸುಮಾರು 25 ಮೈಲಿ. ಎತ್ತಿನ ಗಾಡಿಯು ತಾಸಿಗೆ ಎರಡು ಮೂರು ಮೈಲಿ ಹೋಗುವದು. ಹಮ್ಮಿಗಿಯು ಮುಂಡರಗಿಯಿಂದಲೂ ಆಚೆಗೆ. ಹೊಳೆಯಾಚೆಯವರಾದರೆ ಮೊದಲು ಹರಗೋಲಿನಲ್ಲಿ ದಾಟಬೇಕು. ಒಂದು ಹಗಲೂ ಒಂದು ರಾತ್ರಿಯೂ ಹುಲ್ಲಿನ ಮೇಲೆ ಮಲಗಿ ಬಂದ ರೋಗಿಯೊಡನೆ ಅರ್ಧ ಮನೆತನವೇ ಬರುತ್ತಿತ್ತು. ಮಿಷನ್ ದವಾಖಾನೆಗಳು ಸಾಮಾನ್ಯವಾಗಿ ಇದನ್ನು ಒಪ್ಪಿಕೊಂಡವು: ಅವರವರ ಅಡಿಗೆಯನ್ನು ಅವರವರೇ ಆವರಣದಲ್ಲಿ ಮಾಡಿಕೊಳ್ಳಬಹುದು. ಜಾತಿಯ ಕಟ್ಟನ್ನು ಉಪದೇಶದಿಂದ ಮುರಿಯಲಾರದವರು ಒಲೆಗಳನ್ನು ಬೇರೆ ಬಿಟ್ಟು, ಹಾಸಿಗೆಗಳನ್ನು ಸಾಲಾಗಿ ಹಾಕಿದರು. ಹಸಿದಾಗ ಬೇರೆಯಾಗಿ ಉಂಡವರು ನರಳುವಾಗ ಒಂದೇ ಸಾಲಿನಲ್ಲಿ ನರಳಿದರು.

ಈ ಸೀಮೆಯ ಪೀಡೆಯೆಂದರೆ ನಾರುಹುಣ್ಣು. ಭಾವಪ್ರಕಾಶದಲ್ಲಿ ಇದಕ್ಕೆ ಸ್ನಾಯುಕವೆಂದು ಹೆಸರು. ಮೆಟ್ಟಲುಬಾವಿಯಲ್ಲಿ ಕಾಲಿಳಿಸಿದ ರೋಗಿಯ ಹುಣ್ಣಿನಿಂದ ಹುಳದ ಮರಿಗಳು ನೀರಿಗೆ ಸೇರುವವು. ಅವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜಂತುಗಳು ನುಂಗುವವು. ಸೋಸದೆ ಆ ನೀರನ್ನು ಕುಡಿದವನಿಗೆ ಸುಮಾರು ಒಂದು ವರ್ಷದ ತರುವಾಯ ಕಾಲಿನಲ್ಲಿ ಬೊಕ್ಕೆಯೆದ್ದು ಎರಡು ಮೂರಡಿಯ ದಾರದಂಥ ಹುಳವು ತಲೆ ತೋರುವದು. ಇದಕ್ಕೆ ಗುಳಿಗೆಯಿಲ್ಲ. ಕಡ್ಡಿಗೆ ಸುತ್ತಿ ದಿನಕ್ಕೆ ಅಂಗುಲ ಅಂಗುಲವಾಗಿ ಎಳೆಯಬೇಕು. ಅವಸರಪಟ್ಟು ತುಂಡಾದರೆ ಕಾಲು ಬಾತು ಕೀವಾಗುವದು. ವಾರಗಟ್ಟಲೆ ನಡೆಯುವ ಈ ಕೆಲಸವು ಡಾಕ್ಟರರದಲ್ಲ, ಗಾಯ ಕಟ್ಟುವವರದು. ಬಿತ್ತನೆಯ ಕಾಲದಲ್ಲಿ ಕಾಲು ಕೆಟ್ಟ ಒಕ್ಕಲಿಗನಿಗೆ ಆ ವರುಷದ ಬೆಳೆಯೇ ಹೋಯಿತು. ಆದ್ದರಿಂದ ಕಡ್ಡಿ ಸುತ್ತುವ ಆ ಬೆರಳುಗಳ ತಾಳ್ಮೆಯ ಮೇಲೆ ಒಂದು ಮನೆಯ ಅನ್ನವು ನಿಂತಿರುತ್ತಿತ್ತು.

ಜನರು ಆ ಸ್ಥಳವನ್ನು ಜರ್ಮನ್ ದವಾಖಾನೆಯೆಂದು ಕರೆದರು. ಡಾಕ್ಟರರ ನಾಡು ಹೆಸರಾಯಿತು. ಬಟ್ಟೆ ಒಗೆದ, ಗಾಯ ತೊಳೆದ, ರಾತ್ರಿ ಕಂದೀಲು ಹಿಡಿದು ಕುಳಿತವರ ನಾಡು ಹೆಸರಾಗಲಿಲ್ಲ. ಆ ಹೆಸರೇ 1914ರಲ್ಲಿ ತೊಡಕಾಯಿತು. ಯುದ್ಧವು ಹುಟ್ಟಿದೊಡನೆ ಬಾಸೆಲ್ ಮಿಷನ್ನಿನ ಜರ್ಮನರು ಶತ್ರುಪ್ರಜೆಗಳಾದರು. ಅನೇಕರನ್ನು ಅಹಮದನಗರದ ಶಿಬಿರದಲ್ಲಿಟ್ಟು, 1916ರ ಹೊತ್ತಿಗೆ ಹೆಚ್ಚಿನವರನ್ನು ಸ್ವದೇಶಕ್ಕೆ ಕಳುಹಿಸಿದರು. ಮಿಷನ್ನಿನ ಕೇಂದ್ರಗಳಲ್ಲಿ ಉಳಿದವರು ಕೆಲವು ಸ್ವಿಸ್ ಜನರೂ ದೇಶೀಯ ಕೆಲಸಗಾರರೂ. ದೇಶದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ದ 1918ರ ಇನ್‌ಫ್ಲುಯೆಂಜಾ ಬಂದದ್ದು ಇದೇ ದುರ್ಬಲ ಕಾಲದಲ್ಲಿ. ಎರಡನೆಯ ಯುದ್ಧವು 1939ರಲ್ಲಿ ಬಂದಾಗ ಜರ್ಮನರ ಬಂಧನವು ಮತ್ತೊಮ್ಮೆ ಆಯಿತು.

ಐದು ಸರಕಾರಗಳ ಗಡಿಗಳು 1956ರ ನವೆಂಬರ 1ರ ಹೊತ್ತಿಗೆ ಅಳಿದವು. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು, 1997ರಲ್ಲಿ ಗದಗ ಜಿಲ್ಲೆ, 2015ರಲ್ಲಿ ಗದಗಿಗೇ ಸರಕಾರದ ವೈದ್ಯವಿಜ್ಞಾನ ಸಂಸ್ಥೆ, ಹೀಗೆ ಒಂದೊಂದಾಗಿ ಬಂದವು. ಬೆಟಗೇರಿಯ ದವಾಖಾನೆಯು ದಕ್ಷಿಣ ಭಾರತ ಸಭೆಗೆ ಸೇರಿ ಸಿ.ಎಸ್.ಐ. ಆಸ್ಪತ್ರೆಯಾಯಿತು.

ನಾರುಹುಣ್ಣನ್ನು ನೀಗಿಸಿದ್ದು ಮಾತ್ರ ಯಾವ ದವಾಖಾನೆಯೂ ಅಲ್ಲ. ಮೆಟ್ಟಲುಬಾವಿಗಳನ್ನು ಸೇದುಬಾವಿಗಳಾಗಿ ಮಾಡಿ, ಕೊಳವೆಬಾವಿಗಳನ್ನು ಕೊರೆದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದ ಮೇಲೆ ಅದು ತಾನಾಗಿ ಅಳಿಯಿತು. ಭಾರತದ ಕೊನೆಯ ರೋಗಿಯು 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡನು. ವಿಶ್ವ ಆರೋಗ್ಯ ಸಂಸ್ಥೆಯು 2000ದಲ್ಲಿ ದೇಶವು ಆ ರೋಗದಿಂದ ಮುಕ್ತವಾಯಿತೆಂದು ಸಾರಿತು. ಮುಂಡರಗಿಯ ಸೀಮೆಯಲ್ಲಿ ಅದೇ ಕೊಳವೆಬಾವಿಗಳ ನೀರಿನಲ್ಲಿ ಈಗ ಫ್ಲೋರೈಡಿನ ಅಂಶವು ಹೆಚ್ಚಾಗಿದ್ದು, ಹಲ್ಲು ಮೂಳೆಗಳನ್ನು ಕೆಡಿಸುತ್ತಿದೆ.