ಹಾಸಿಗೆ ಬಿಟ್ಟುಕೊಟ್ಟ ಸಂತರು

ಶ್ರೀಸಭೆಯ ವೃದ್ಧಸೇವೆಯ ಚರಿತ್ರೆಯಲ್ಲಿ ನಾವು ಸ್ಮರಿಸಬೇಕಾದವರು ಫ್ರಾನ್ಸ್ ದೇಶದ ಸಂತ ಜೀನ್ ಜುಗಾನರು. 1839ರ ಚಳಿಗಾಲದಲ್ಲಿ, ಸೇಂಟ್ ಸರ್ವಾನ್ ಪಟ್ಟಣದಲ್ಲಿ, 47 ವರ್ಷದ ಈ ಬಡ ಕೆಲಸಗಾರ್ತಿ ದಿಕ್ಕಿಲ್ಲದ ಅಂಧ ವೃದ್ಧೆ ಆನ್ ಶೋವಿನ್ ಎಂಬಾಕೆಯನ್ನು ತಮ್ಮ ಬಾಡಿಗೆ ಬಿಡಾರಕ್ಕೆ ಕರೆತಂದು, ಸ್ವಂತ ಹಾಸಿಗೆಯನ್ನಿತ್ತು, ತಾವು ಅಟ್ಟದಲ್ಲಿ ಮಲಗಿದರು. ಆಶ್ರಯ ಪಡೆದ ವೃದ್ಧೆಯರು ಪುನಃ ಬೀದಿಯಲ್ಲಿ ಬೇಡದಿರಲೆಂದು ತಾವೇ ಬುಟ್ಟಿ ಹಿಡಿದು ಮನೆಮನೆಗೆ ತೆರಳಿದರು. ಹೀಗೆ ಜನಿಸಿದ ‘ಬಡವರ ಕಿರಿಯ ಸಹೋದರಿಯರ’ ಸಭೆಯು 1882ರಲ್ಲಿ ಕಲ್ಕತ್ತೆಗೆ ಬಂದಿತು. ಮುಂದೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ವೃದ್ಧರಿಗೆ ಮನೆಯನ್ನು ತೆರೆಯಿತು. 2009ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಜೀನರನ್ನು ಸಂತರೆಂದು ಘೋಷಿಸಿದರು.

ಭಿಕ್ಷೆಯಿಂದ ಒಂದು ಹೊತ್ತಿನ ಹಸಿವು ನೀಗೀತು; ಬೀದಿವಾಸ ನೀಗದು. ಪ್ರಿಯ ವಿಶ್ವಾಸಿಗಳೇ, ನೂರು ವರ್ಷಗಳಿಂದ ದೇವರ ಮನೆಯಲ್ಲಿ ಕೂಡುತ್ತಿರುವ ನಾವು, ಮನೆಯಿಲ್ಲದ ಒಬ್ಬ ವೃದ್ಧರಿಗಾದರೂ ಸೂರನ್ನೊದಗಿಸಿದರೆ ಈ ಶತಮಾನೋತ್ಸವವು ಸಾರ್ಥಕವಾದೀತು.