ವಾಯುಪಡೆಯ ಅನುಭವ, ನಾಗರಿಕ ವಿಮಾನದ ಸಹಿ

ಹಳೆಯ ಮೈಸೂರು ಸಂಸ್ಥಾನದಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಎರಡು ಯಂತ್ರ ಕಾರ್ಖಾನೆಗಳು ಹುಟ್ಟಿದವು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಮುಂದಾಳುತನದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಪ್ರಾರಂಭವಾಯಿತು. ಅಲ್ಲಿ ತಯಾರಾದ ಲೇತ್‌ಗಳು ಹೆಸರುವಾಸಿಯಾದವು. ಆ ಕಾರ್ಖಾನೆ ಮುಚ್ಚಿದೆ. ಯಂತ್ರಪುರ ಎಂಬ ಹೆಸರು ಮಾತ್ರ ಊರಿನಲ್ಲಿ ಉಳಿದಿದೆ.

ಲೇತ್‌ನಲ್ಲಿ ತಿರುಗಿಸಿದ ದಂಡ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮೈಕ್ರೋಮೀಟರ್‌ನಿಂದ ಅಳೆದರೆ ಆಯಿತು. ಅದನ್ನು ಮಾಡಿದ ಕುಶಲಕರ್ಮಿಯ ಹೆಸರನ್ನು ಯಾರೂ ಕೇಳುವುದಿಲ್ಲ. ವಿಮಾನದ ವಿಷಯ ಹಾಗಲ್ಲ. ಅಲ್ಲಿ ಅಳತೆಯೂ ಬೇಕು, ಕೆಲಸ ಮಾಡಿದವರ ಹೆಸರೂ ಬೇಕು, ಯಾವ ಕೈಪಿಡಿಯ ಪ್ರಕಾರ ಮಾಡಲಾಯಿತು ಎಂಬುದೂ ಬೇಕು. ಕೊನೆಯಲ್ಲಿ 'ಈ ವಿಮಾನ ಹಾರಾಟಕ್ಕೆ ಯೋಗ್ಯ' ಎಂದು ಒಬ್ಬರು ಸಹಿ ಹಾಕಬೇಕು. ಆ ಸಹಿ ಹಾಕುವ ಹಕ್ಕಿಗೆ ಲೈಸೆನ್ಸ್ ಬೇಕು.

ಈಗ ಒಂದು ಪ್ರಶ್ನೆ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಯುದ್ಧವಿಮಾನಗಳನ್ನು ದುರಸ್ತಿ ಮಾಡಿದ ಏರ್‌ಮನ್ ಒಬ್ಬರು ನಿವೃತ್ತರಾದ ಮರುದಿನ ಪ್ರಯಾಣಿಕರ ವಿಮಾನಕ್ಕೆ ಇಂಥ ಸಹಿ ಹಾಕಬಹುದೆ? ಬರುವುದಿಲ್ಲ. ಏಕೆ ಎಂಬುದಕ್ಕೆ ಉತ್ತರ ವಿಮಾನಯಾನದ ಚರಿತ್ರೆಯಲ್ಲಿದೆ.

ಸಹಿಯ ಹುಟ್ಟು

ಮೊದಲನೆಯ ಮಹಾಯುದ್ಧ ಮುಗಿದಾಗ ಸಾವಿರಾರು ವಿಮಾನಗಳೂ ಅವುಗಳನ್ನು ಬಲ್ಲ ಮೆಕ್ಯಾನಿಕ್‌ಗಳೂ ಸೈನ್ಯದಿಂದ ಹೊರಬಂದರು. 1919ರ ನವೆಂಬರ್-ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಮೊದಲ ಬಾರಿ ಹಾರಿದ ವಿಕರ್ಸ್ ವಿಮಿ ವಿಮಾನವನ್ನು ನಡೆಸಿದವರು ರಾಸ್ ಸ್ಮಿತ್ ಮತ್ತು ಕೀತ್ ಸ್ಮಿತ್ ಸಹೋದರರು. ದಾರಿಯುದ್ದಕ್ಕೂ ಅದರ ಎಂಜಿನುಗಳನ್ನು ಕಾಪಾಡಿದವರು ಸಾರ್ಜೆಂಟ್ ಬೆನೆಟ್ ಮತ್ತು ಸಾರ್ಜೆಂಟ್ ಶಿಯರ್ಸ್. ಇಬ್ಬರೂ ಯುದ್ಧಕಾಲದ ಸೈನಿಕ ಮೆಕ್ಯಾನಿಕ್‌ಗಳು.

ಟಿಕೆಟ್ ಕೊಂಡ ಪ್ರಯಾಣಿಕರು ವಿಮಾನ ಹತ್ತತೊಡಗಿದ ಮೇಲೆ ಹೊಣೆ ಯಾರದು ಎಂಬ ಪ್ರಶ್ನೆ ಎದ್ದಿತು. ಬ್ರಿಟನ್ 'ಗ್ರೌಂಡ್ ಎಂಜಿನಿಯರ್' ಲೈಸೆನ್ಸನ್ನು ಜಾರಿಗೆ ತಂದಿತು. ಅದರಲ್ಲಿ ಹಾರುವ ಮುನ್ನ ವಿಮಾನದ ಒಡಲನ್ನು ಪರೀಕ್ಷಿಸಲು 'ಎ', ಕೂಲಂಕಷ ದುರಸ್ತಿಯ ನಂತರ ಪರೀಕ್ಷಿಸಲು 'ಬಿ', ಎಂಜಿನಿಗೆ ಇದೇ ರೀತಿ 'ಸಿ' ಮತ್ತು 'ಡಿ', ದಿಕ್ಸೂಚಿಯಂಥ ವಿಶೇಷ ಉಪಕರಣಗಳಿಗೆ 'ಎಕ್ಸ್' ಎಂಬ ವಿಭಾಗಗಳಿದ್ದವು. 1930ರಲ್ಲಿ ಒಬ್ಬಳೇ ಆಸ್ಟ್ರೇಲಿಯಾಕ್ಕೆ ಹಾರಿ ಪ್ರಸಿದ್ಧಳಾದ ಏಮಿ ಜಾನ್ಸನ್, ಅದಕ್ಕೆ ಮೊದಲೇ 1929ರಲ್ಲಿ 'ಸಿ' ಲೈಸೆನ್ಸ್ ಪಡೆದಿದ್ದಳು. ಅಮೆರಿಕದಲ್ಲಿ ಮೆಕ್ಯಾನಿಕ್ ಲೈಸೆನ್ಸ್ 1927ರಲ್ಲಿ ಬಂದಿತು.

ಒಂದೇ ತಿಂಗಳು, ಎರಡು ದಾರಿ

ನಮ್ಮ ದೇಶದಲ್ಲಿ ಸೈನಿಕ ವಿಮಾನಯಾನ ಮತ್ತು ನಾಗರಿಕ ವಿಮಾನಯಾನಗಳ ಮುಖ್ಯ ಘಟನೆಗಳೆರಡು ಒಂದೇ ತಿಂಗಳಲ್ಲಿ ನಡೆದವು. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಸ್ಥಾಪನೆಯಾಯಿತು. ಒಂದೇ ವಾರದ ನಂತರ, ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರು. ಅಲ್ಲಿಂದ ಮದರಾಸಿಗೆ ಅಂಚೆ ಒಯ್ದ ನೆವಿಲ್ ವಿನ್ಸೆಂಟ್ ಬ್ರಿಟಿಷ್ ವಾಯುಪಡೆಯ ಮಾಜಿ ಅಧಿಕಾರಿ. ಅವರ ವಿಮಾನ ದಾರಿಯಲ್ಲಿ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ.

ವಾಯುಪಡೆಯ ಮೊದಲ ತುಕಡಿ 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ 4 ವಾಪಿಟಿ ವಿಮಾನಗಳೊಂದಿಗೆ ಕೆಲಸ ಆರಂಭಿಸಿತು. ಅದರ ನೆಲದ ಸಿಬ್ಬಂದಿ 19 'ಹವಾಯಿ ಸಿಪಾಯಿ'ಗಳು. ಅತ್ತ ನಾಗರಿಕ ವಿಮಾನಗಳಿಗಾಗಿ 1934ರಲ್ಲಿ ವಿಮಾನ ಕಾಯಿದೆ, 1937ರಲ್ಲಿ ವಿಮಾನ ನಿಯಮಗಳು ಬಂದವು. ಈ ನಿಯಮಗಳಲ್ಲಿ 61ನೆಯದು ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸಿಗೆ ಸಂಬಂಧಿಸಿದ್ದು. (1934ರ ಕಾಯಿದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ.)

1944ರ ಷಿಕಾಗೋ ಒಪ್ಪಂದ ಈ ಎರಡು ದಾರಿಗಳನ್ನು ಇನ್ನೂ ಸ್ಪಷ್ಟಗೊಳಿಸಿತು. ಅದರ 3ನೆಯ ವಿಧಿಯಂತೆ ಒಪ್ಪಂದ ಅನ್ವಯಿಸುವುದು ನಾಗರಿಕ ವಿಮಾನಗಳಿಗೆ ಮಾತ್ರ. ಸೇನೆ, ಸುಂಕ ಮತ್ತು ಪೊಲೀಸ್ ಇಲಾಖೆಗಳ ವಿಮಾನಗಳು ಅದರ ಹೊರಗೆ. ವಾಯುಪಡೆ ತನ್ನ ತಂತ್ರಜ್ಞರಿಗೆ ತಾನೇ ತರಬೇತಿ, ತಾನೇ ಅಧಿಕಾರ ಕೊಡುತ್ತದೆ. ಆ ಅಧಿಕಾರ ಸಮವಸ್ತ್ರದೊಂದಿಗೆ ಕೊನೆಗೊಳ್ಳುತ್ತದೆ.

ಡಕೋಟಾ ಕಟ್ಟಿದ ಸೇತುವೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಕಾರ್ಖಾನೆ ಅಮೆರಿಕದ ವಾಯುದಳದ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಉಳಿದ ಡಕೋಟಾ ವಿಮಾನಗಳನ್ನು ಹೊಸ ವಿಮಾನ ಕಂಪನಿಗಳು ಕೊಂಡವು. ಸೈನಿಕರು ಕೂರುತ್ತಿದ್ದ ಡಕೋಟಾಗಳನ್ನು ಪ್ರಯಾಣಿಕರಿಗೆ ತಕ್ಕಂತೆ ಮಾರ್ಪಡಿಸುವ ಕೆಲಸ ಬೆಂಗಳೂರಿನಲ್ಲಿ ನಡೆಯಿತು. ಸೇನೆಯಲ್ಲೂ ನಾಗರಿಕ ಸೇವೆಯಲ್ಲೂ ಅದೇ ವಿಮಾನ, ಅದೇ ಎಂಜಿನು. ಮುಂದೆ ಎಚ್‌ಎಸ್-748 'ಆವ್ರೋ' ಕೂಡ ವಾಯುಪಡೆ ಮತ್ತು ಇಂಡಿಯನ್ ಏರ್‌ಲೈನ್ಸ್ ಎರಡರಲ್ಲೂ ಹಾರಿತು. ಇಂಥ ವಿಮಾನ ಬಲ್ಲವರಿಗೆ ದಾರಿ ಹತ್ತಿರ. 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆಯಿಂದ ನಿವೃತ್ತವಾದ ಮಿಗ್-21ರಲ್ಲಿ ಪಳಗಿದವರಿಗೆ ದೂರ. ಏಕೆಂದರೆ ಲೈಸೆನ್ಸಿನ ಮೇಲೆ ವಿಮಾನದ ಮಾದರಿಯೂ ದಾಖಲಾಗಬೇಕು. ಇದಕ್ಕೆ 'ಟೈಪ್ ರೇಟಿಂಗ್' ಎನ್ನುತ್ತಾರೆ.

ಕೈಚಳಕ ಸಾಲದೆ?

ವಾಯುಪಡೆಯಲ್ಲಿ ಒಡಲು, ಎಂಜಿನು, ವಿದ್ಯುತ್, ಉಪಕರಣ ಹೀಗೆ ಕೆಲಸ ಹಂಚಿಕೆಯಾಗಿರುತ್ತದೆ. ವಿಮಾನದ 'ಫಾರ್ಮ್ 700' ಎಂಬ ದಾಖಲೆಯಲ್ಲಿ ಪ್ರತಿಯೊಬ್ಬರೂ ತಮ್ಮ ಭಾಗಕ್ಕೆ ಸಹಿ ಹಾಕುತ್ತಾರೆ. ನಾಗರಿಕ ಲೈಸೆನ್ಸಿನ 'ಬಿ1' ವಿಭಾಗದ ಎಂಜಿನಿಯರ್ ಒಡಲು, ಎಂಜಿನು ಮತ್ತು ವಿದ್ಯುತ್ ವ್ಯವಸ್ಥೆ ಮೂರನ್ನೂ ಬಲ್ಲವರಾಗಿರಬೇಕು. ಅವರ ಸಹಿಯ ಹೊಣೆ ವೈಯಕ್ತಿಕ.

1990ರ ಜೂನ್ 10ರ ಘಟನೆಯೊಂದನ್ನು ನೋಡಿ. ಬ್ರಿಟಿಷ್ ಏರ್‌ವೇಸ್‌ನ 5390ನೆಯ ವಿಮಾನ ಮೇಲೇರುತ್ತಿದ್ದಾಗ ಚಾಲಕನ ಮುಂದಿನ ಗಾಜು ಕಳಚಿ ಹಾರಿತು. ಕ್ಯಾಪ್ಟನ್ ಅರ್ಧ ಹೊರಗೆ ಸೆಳೆಯಲ್ಪಟ್ಟರು. ಸಿಬ್ಬಂದಿ ಅವರನ್ನು ಹಿಡಿದುಕೊಂಡರು, ವಿಮಾನ ಸುರಕ್ಷಿತವಾಗಿ ಇಳಿಯಿತು. ಹಾರಾಟಕ್ಕೆ ಸ್ವಲ್ಪ ಮುಂಚೆ ಆ ಗಾಜನ್ನು ಬದಲಿಸಲಾಗಿತ್ತು. ಅದರ 90 ಬೋಲ್ಟುಗಳಲ್ಲಿ 84ರ ವ್ಯಾಸ ಸುಮಾರು 0.66 ಮಿ.ಮೀ.ನಷ್ಟು ಕಡಿಮೆ. ಉಳಿದ 6ರ ಉದ್ದ ಕಡಿಮೆ. ಹೊಸ ಬೋಲ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ಕಣ್ಣಳತೆಯಿಂದ ಆರಿಸಲಾಗಿತ್ತು. ಭಾಗಗಳ ಪಟ್ಟಿಯನ್ನು ನೋಡಿರಲಿಲ್ಲ. ಕೆಲಸ ಮಾಡಿದವರು ಅನುಭವಿಯೇ. ಅನುಭವದ ಮೇಲಿನ ಅತಿ ವಿಶ್ವಾಸವೇ ಇಲ್ಲಿ ಶತ್ರುವಾಯಿತು. ಇಂದಿನ ಲೈಸೆನ್ಸ್ ಪರೀಕ್ಷೆಯಲ್ಲಿ ಗಣಿತ, ಭೌತವಿಜ್ಞಾನಗಳ ಜೊತೆಗೆ 'ಮಾನವ ಅಂಶಗಳು' ಮತ್ತು 'ವಿಮಾನಯಾನ ಕಾನೂನು' ಎಂಬ ವಿಷಯಗಳಿರುವುದು ಏಕೆಂದು ಈಗ ತಿಳಿಯಿತಲ್ಲವೆ?

ಇಂದಿನ ದಾರಿ

2010ರ ದಶಕದಲ್ಲಿ ಭಾರತ ಯುರೋಪಿನ ಮಾದರಿಯ 'ಸಿಎಆರ್-66' ನಿಯಮವನ್ನು ಅಳವಡಿಸಿಕೊಂಡಿತು. ಸೈನಿಕ ಅನುಭವವನ್ನು ಈ ಪದ್ಧತಿ ತಳ್ಳಿಹಾಕುವುದಿಲ್ಲ. ಸಮಾನ ದರ್ಜೆಯ ಕೆಲಸವಾಗಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಆದರೆ ನಾಗರಿಕ ವಿಮಾನಗಳ ಮೇಲೂ ಸ್ವಲ್ಪ ಕಾಲ ಕೆಲಸ ಮಾಡಿರಬೇಕು. ಯುರೋಪಿನ ಮಾರ್ಗದರ್ಶಿಯಲ್ಲಿ ಈ ಅವಧಿ 'ಎ' ವಿಭಾಗಕ್ಕೆ 6 ತಿಂಗಳು, 'ಬಿ1', 'ಬಿ2'ಗಳಿಗೆ 12 ತಿಂಗಳು. ಅಮೆರಿಕದಲ್ಲಿ ಒಡಲು ಮತ್ತು ಎಂಜಿನು ಎರಡಕ್ಕೂ ಸೇರಿ 30 ತಿಂಗಳ ಅನುಭವ ಸಾಕು. ಪರೀಕ್ಷೆ ಮಾತ್ರ ಎಲ್ಲರಿಗೂ ಇದೆ.

ಹರಿಹರದಿಂದ ರೈಲಿನಲ್ಲಿ ಹುಬ್ಬಳ್ಳಿ ದಾಟಿ ಹೋದರೆ ಬೆಳಗಾವಿ. ಅಲ್ಲಿನ ಸಾಂಬ್ರಾದಲ್ಲಿ ವಾಯುಪಡೆಯ ಏರ್‌ಮನ್‌ಗಳ ಪ್ರಾಥಮಿಕ ತರಬೇತಿ ಶಾಲೆ ಇದೆ. ಹಿಂದೆ ಅಲ್ಲಿಗೆ ಸೇರಿದವರ ಸೇವಾವಧಿ ಸಾಮಾನ್ಯವಾಗಿ 20 ವರ್ಷ. ನಲವತ್ತರ ಹೊಸ್ತಿಲಲ್ಲಿ ಅವರು ಮತ್ತೆ ಪಠ್ಯಪುಸ್ತಕ ಹಿಡಿಯಬೇಕಾಗುತ್ತಿತ್ತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಅವಧಿ 4 ವರ್ಷ. ಹೆಚ್ಚಿನವರು ಇಪ್ಪತ್ತೈದರ ಆಸುಪಾಸಿನಲ್ಲೇ ಹೊರಬರುತ್ತಾರೆ. ವಯಸ್ಸು ಅನುಕೂಲ, ಅನುಭವ ಕಡಿಮೆ.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ವಿನಂತಿ. ವಾಯುಪಡೆಗೆ ಸೇರಲು ಹೊರಟ ವಿದ್ಯಾರ್ಥಿಗೆ ಎರಡು ಮಾತು ಹೇಳಿ. ಗಣಿತ ಮತ್ತು ಭೌತವಿಜ್ಞಾನದ ಪುಸ್ತಕಗಳನ್ನು ಮಾರಬೇಡ. ಅವು ಮತ್ತೆ ಬೇಕಾಗುತ್ತವೆ. ಸೇವೆಯಲ್ಲಿ ಮಾಡಿದ ಕೆಲಸಕ್ಕೆ, ನಿಯಮ ಅನುಮತಿಸುವ ಮಟ್ಟಿಗೆ, ದಿನಾಂಕ ಸಹಿತ ಮೇಲಧಿಕಾರಿಯ ದೃಢೀಕರಣವನ್ನು ಆಗಾಗಲೇ ಪಡೆದುಕೋ. ಹೊರಬಂದ ಮೇಲೆ ಅದನ್ನು ಹೊಂದಿಸುವುದು ಕಷ್ಟ. ವಿಮಾನಯಾನದಲ್ಲಿ ಬರೆದಿಡದ ಕೆಲಸ ಮಾಡದ ಕೆಲಸಕ್ಕೆ ಸಮ.