ಕಾಣದ ಅಲೆಗೆ ಅಳತೆ

ಆಳಕ್ಕೆ ಹೋದಂತೆ ಉಪ್ಪು ಹೆಚ್ಚುವ ನೀರಿನ ಗಾಜಿನ ತೊಟ್ಟಿಯೊಂದನ್ನು ಊಹಿಸಿಕೊಳ್ಳಿ. ಅದರೊಳಗೆ ಅಡ್ಡಲಾಗಿಟ್ಟ ಸಿಲಿಂಡರನ್ನು ಮೆಲ್ಲನೆ ಮೇಲೆ ಕೆಳಗೆ ಆಡಿಸಿದರೆ ಆಂತರಿಕ ಅಲೆಗಳು ಏಳುತ್ತವೆ. ಸಾಗರದಾಳದಲ್ಲೂ ಇಂಥವೇ ಇವೆ. ಮೇಲ್ಮೈ ಮಾತ್ರ ಹೆಚ್ಚುಕಡಿಮೆ ನಿಶ್ಚಲ. ಇವನ್ನು ನೋಡುವುದು ಹೇಗೆ?

ಸಾಂದ್ರತೆ ಬದಲಾದರೆ ವಕ್ರೀಭವನಾಂಕವೂ ಬದಲಾಗಿ ಬೆಳಕು ಬಾಗುತ್ತದೆ. ಜರ್ಮನಿಯ ಟೋಪ್ಲರ್ 1864ರಲ್ಲಿ ಪ್ರಕಟಿಸಿದ ಶ್ಲೀರೆನ್ ವಿಧಾನ ಈ ಬಾಗುವಿಕೆಯನ್ನೇ ನೆರಳು-ಬೆಳಕಾಗಿ ತೋರಿಸುತ್ತದೆ. ಅದರ ನೆರವಿನಿಂದ ಮೌಬ್ರೆ ಮತ್ತು ರ್‍ಯಾರಿಟಿ 1967ರಲ್ಲಿ ತೋರಿಸಿದ್ದು ಉಂಗುರದಂಥ ಅಲೆಗಳನ್ನಲ್ಲ, ಗುಣಾಕಾರ ಚಿಹ್ನೆಯಂತೆ ಹರಡಿದ ನಾಲ್ಕು ಪಟ್ಟಿಗಳನ್ನು! ಸಿಲಿಂಡರ್ ನಿಧಾನವಾಗಿ ಆಡಿದಷ್ಟೂ ಪಟ್ಟಿಗಳು ಅಡ್ಡಕ್ಕೆ ವಾಲುತ್ತವೆ.

ಓರೆಯೇನೋ ಸಿಕ್ಕಿತು, ಕಂಪನವಿಸ್ತಾರವನ್ನು ಅಳೆಯುವುದು ಕಷ್ಟವಾಗಿತ್ತು. 1990ರ ದಶಕದ ಕೊನೆಯಲ್ಲಿ ಡಾಲ್‌ಜೀಲ್, ಹ್ಯೂಸ್, ಸದರ್‌ಲ್ಯಾಂಡ್ ಮೊದಲಾದವರು ದುಬಾರಿ ದರ್ಪಣಗಳನ್ನು ಬಿಟ್ಟು, ತೊಟ್ಟಿಯ ಹಿಂದೆ ಗೆರೆ, ಚುಕ್ಕೆಗಳ ಹಾಳೆ ಇಟ್ಟರು. ಅಲೆ ಹಾದಾಗ ಚುಕ್ಕೆಗಳು ತುಸು ಸರಿದಂತೆ ಕಾಣುತ್ತವೆ. ಎಷ್ಟು ಸರಿದವೆಂದು ಕ್ಯಾಮೆರಾ ಚಿತ್ರಗಳಿಂದ ಅಳೆದು, ಸಾಂದ್ರತೆಯ ಏರುಪೇರನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು.